ಬಾಗಿಲವರೆಗೆ ಪೈಪೋಟಿ, ಒಳಗೆ ಬೀಗ

ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿಯಲ್ಲಿ ಅನಗವಾಡಿ ಹತ್ತಿರ ಘಟಪ್ರಭಾ ಸೇತುವೆ ದಾಟುವವರೆಲ್ಲ ಹೊಳೆಯ ನೀರು ನೋಡ್ತಾರೆ, ಕಬ್ಬಿನ ಗದ್ದೆ ನೋಡ್ತಾರೆ. ಮುಂದಿನ ಸಲ ಹೋದಾಗ ಸ್ವಲ್ಪ ಮನೆಗಳ ಮಾಳಿಗೆ ನೋಡಿ. ಅಲ್ಲಿಂದ ಬೀಳಗಿ ದಾರಿ ಹಿಡೀರಿ, ಜಮಖಂಡಿಗೆ ಹೋಗಿ, ಮುಧೋಳಕ್ಕೆ ಹೋಗಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗೆ ಹೋಗಿ. ಎಲ್ಲಾ ಕಡೆ ಅದೇ ದೃಶ್ಯ. ಮಾಳಿಗೆ ಮೇಲೆ ಡಿಶ್. ಕೆಲವು ಮನೆಗಳ ಮೇಲೆ ಎರಡು, ಕೆಲವು ಕಡೆ ಮೂರು. ಒಂದಕ್ಕೆ ಮಾತ್ರ ತಂತಿ ಇರುತ್ತೆ, ಉಳಿದವು ತುಕ್ಕು ಹಿಡಿದು ಆಕಾಶ ನೋಡ್ತಾ ನಿಂತಿರುತ್ತವೆ.

ನನ್ನ ಪ್ರಶ್ನೆ ಸರಳ. ಮನೆ ಒಂದು, ಟಿವಿ ಒಂದು. ಡಿಶ್ ಯಾಕೆ ಮೂರು?

ಇದಕ್ಕೆ ಉತ್ತರ ಹುಡುಕಿದರೆ ಭಾರತದ ಡಿಟಿಎಚ್ ಕಂಪನಿಗಳ ಇಪ್ಪತ್ತು ವರ್ಷದ ಇತಿಹಾಸ ಬಿಚ್ಚಿಕೊಳ್ಳುತ್ತೆ. ಎಚ್‌ಡಿ ಚಾನೆಲ್ ಯಾರದ್ದು ಜಾಸ್ತಿ, ರೆಕಾರ್ಡರ್ ಯಾರದ್ದು ದೊಡ್ಡದು ಅಂತ ಅವರು ಸಿನಿಮಾ ತಾರೆಯರನ್ನು ಕರೆತಂದು ಹೊಡೆದಾಡಿದ ಕಥೆ ಅದು. ಆ ಹೊಡೆದಾಟದಿಂದ ವೀಕ್ಷಕನಿಗೆ ಲಾಭ ಆಯ್ತಾ? ಆಯ್ತು. ಆದರೆ ಅದಕ್ಕೆ ಅವನು ತೆತ್ತ ಬೆಲೆಯನ್ನು ಯಾರೂ ಬಿಲ್ಲಿನಲ್ಲಿ ಬರೆಯಲಿಲ್ಲ. ಇವತ್ತು ಆ ಬಿಲ್ ಓದೋಣ.

ಮೊದಲು ಬಂದದ್ದು ಕೋಳಿ ಬಲೆಯ ಡಿಶ್

ಡಿಶ್ ಅಂದ್ರೆ ಖಾಸಗಿ ಕಂಪನಿ ತಂದಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ತಪ್ಪು. ಈ ಸೀಮೆಗೆ ಉಪಗ್ರಹದ ಟಿವಿ ಬಂದದ್ದು 1975ರಲ್ಲಿ. ಆಗ ಬೆಂಗಳೂರಿನಲ್ಲೇ ದೂರದರ್ಶನ ಕೇಂದ್ರ ಇರಲಿಲ್ಲ.

ಅದರ ಹೆಸರು ಸೈಟ್. ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದ ಆಯ್ತು. 1971ರ ಡಿಸೆಂಬರ್‌ನಲ್ಲಿ ಸಾರಾಭಾಯಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವ ಜಾಗಕ್ಕೆ ಸರಿಸಿದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ವಿಜಾಪುರ. ನೆನಪಿಡಿ, ಆಗ ಬಾಗಲಕೋಟೆ ಜಿಲ್ಲೆ ಹುಟ್ಟಿರಲಿಲ್ಲ. ಬೀಳಗಿ, ಜಮಖಂಡಿ, ಮುಧೋಳ ಎಲ್ಲವೂ ವಿಜಾಪುರ ಜಿಲ್ಲೆಯೇ.

ಆ ಡಿಶ್ ಹೇಗಿತ್ತು ಗೊತ್ತಾ? ಮೂರು ಮೀಟರ್ ಅಗಲ, ಕೋಳಿಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ್ದು. ಟಿವಿ ಸೆಟ್ ಹೈದರಾಬಾದಿನ ಇಸಿಐಎಲ್‌ನದು. ಊರಿಗೊಂದೇ ಸೆಟ್, ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ. ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ದಿನಕ್ಕೆ ಒಟ್ಟು ನಾಲ್ಕು ಗಂಟೆ. ಆ ಉಪಗ್ರಹದಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ವ್ಯವಸ್ಥೆ ಇತ್ತು. ಅಂದ್ರೆ ಚಿತ್ರ ಒಂದೇ ಇದ್ದರೂ ಭಾಷೆ ಬೇರೆ ಕೊಡಬಹುದಿತ್ತು. ಹಳ್ಳಿಯವನಿಗೆ ಅವನ ಭಾಷೆಯಲ್ಲೇ ಹೇಳಬೇಕು ಅನ್ನೋದು ಎಂಜಿನಿಯರುಗಳ ನಕ್ಷೆಯಲ್ಲೇ ಬರೆದಿತ್ತು.

ವರ್ಷ ಮುಗಿಯಿತು. ನಾಸಾ ತನ್ನ ಉಪಗ್ರಹ ವಾಪಸ್ ತಗೊಂಡಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಶುರುವಾಯ್ತು, ಆ ಸುತ್ತಿನ ಹಳ್ಳಿಗಳಿಗೆ ಟಿವಿ ಮುಂದುವರಿಯಿತು. ಉಪಗ್ರಹದಿಂದ ನೇರವಾಗಿ ಮನೆಗೆ ಅನ್ನೋ ಮಾತು ಮಾತ್ರ ಕಾಲು ಶತಮಾನ ಮೂಲೆ ಸೇರಿತು.

ನಿಷೇಧದಿಂದ ನೂಕುನುಗ್ಗಲಿಗೆ

1997. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ವರ್ಷ. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ಡಿಟಿಎಚ್ ಸೇವೆಯನ್ನೇ ನಿಷೇಧಿಸಿತು. ಯಾಕೆ? ರೂಪರ್ಟ್ ಮರ್ಡೋಕ್ ಅವರ ಸ್ಟಾರ್ ಬಳಗ ಐಸ್ಕೈಬಿ ಹೆಸರಲ್ಲಿ ಭಾರತದ ಮನೆಗಳಿಗೆ ನೇರ ಇಳಿಯಲು ತಯಾರಾಗಿ ಕೂತಿತ್ತು. ವಿದೇಶಿ ಕಂಪನಿ ಆಕಾಶದಿಂದ ಏನು ಬೇಕಾದರೂ ಸುರಿದರೆ ಹಿಡಿಯೋರು ಯಾರು ಅನ್ನೋ ಭಯ ದೆಹಲಿಗೆ.

ಭಯ ಇಳಿಯೋಕೆ ಮೂರು ವರ್ಷ ಬೇಕಾಯ್ತು. 2000ದ ನವೆಂಬರ್‌ನಲ್ಲಿ ಸಂಪುಟ ಒಪ್ಪಿತು, 2001ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಬಂತು. ಪ್ರವೇಶ ಶುಲ್ಕ 10 ಕೋಟಿ ರೂಪಾಯಿ, ವರಮಾನದಲ್ಲಿ ಶೇ. 10 ಸರ್ಕಾರಕ್ಕೆ, ವಿದೇಶಿ ಪಾಲು ಶೇ. 49 ಮೀರಬಾರದು. ಆ ಮಾರ್ಗಸೂಚಿಯಲ್ಲಿ ಇನ್ನೊಂದು ಷರತ್ತಿತ್ತು. ಅದನ್ನು ಈಗ ಹೇಳಲ್ಲ, ಸ್ವಲ್ಪ ಹೊತ್ತಿಗೆ ಬರ್ತೀನಿ. ಈ ಕಥೆಯ ಜೀವ ಇರೋದು ಅದರಲ್ಲೇ.

2003ರ ಅಕ್ಟೋಬರ್‌ನಲ್ಲಿ ಜೀ ಬಳಗದ ಡಿಶ್ ಟಿವಿ ಮೊದಲು ಅಂಗಳಕ್ಕಿಳಿಯಿತು. ಅದು ಮೊದಲು ಕಣ್ಣಿಟ್ಟದ್ದು ಕೇಬಲ್ ತಲುಪದ ಊರುಗಳ ಮೇಲೆ. 2004ರ ಡಿಸೆಂಬರ್‌ನಲ್ಲಿ ದೂರದರ್ಶನ ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಡೈರೆಕ್ಟ್ ಪ್ಲಸ್ ತಂತು. ಇವತ್ತು ನೀವು ಫ್ರೀ ಡಿಶ್ ಅಂತೀರಲ್ಲ, ಅದೇ. 2006ರ ಆಗಸ್ಟ್‌ನಲ್ಲಿ ಟಾಟಾ ಸ್ಕೈ. ಅದೇ ತಿಂಗಳು ರಾಷ್ಟ್ರಪತಿ ಅಬ್ದುಲ್ ಕಲಾಂ ಆಲಮಟ್ಟಿ ಜಲಾಶಯವನ್ನು ನಾಡಿಗೆ ಅರ್ಪಿಸಿದರು. ನಮ್ಮ ಭಾಗದ ಜನಕ್ಕೆ ಈ ಎರಡೂ ಸುದ್ದಿ ಬೇರೆ ಬೇರೆ ಅಲ್ಲ. ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆ ಕಟ್ಟಿದರೆ ಅಲ್ಲಿಗೆ ಕೇಬಲ್ ಎಳೆಯೋರು ಬರೋವರೆಗೆ ಕಾಯಬೇಕು. ಡಿಶ್ ಹಾಗಲ್ಲ. ಬಿಚ್ಚಿ ಟ್ರ್ಯಾಕ್ಟರ್‌ನಲ್ಲಿ ಹಾಕ್ಕೊಂಡು ಹೋದ್ರೆ ಆಯ್ತು. ಊರು ಬದಲಾದರೂ ಆಕಾಶ ಬದಲಾಗಲ್ಲ.

2007ರ ಡಿಸೆಂಬರ್‌ನಲ್ಲಿ ಚೆನ್ನೈನ ಸನ್ ಡೈರೆಕ್ಟ್ ಬಂತು, ದಕ್ಷಿಣದ ಭಾಷೆಗಳನ್ನು ಕಡಿಮೆ ದರದಲ್ಲಿ ಕೊಡ್ತೀನಿ ಅಂತ. 2008ರಲ್ಲಿ ರಿಲಯನ್ಸ್ ಬಿಗ್ ಟಿವಿ, ಏರ್‌ಟೆಲ್ ಡಿಜಿಟಲ್ ಟಿವಿ. 2009ರಲ್ಲಿ ವಿಡಿಯೋಕಾನ್ ಡಿಟುಎಚ್. ಆರು ಖಾಸಗಿ ಕಂಪನಿ, ಒಂದು ಸರ್ಕಾರಿ ಸೇವೆ. ಡಿಶ್ ಟಿವಿಗೆ ಶಾರುಖ್ ಖಾನ್, ಟಾಟಾ ಸ್ಕೈಗೆ ಆಮಿರ್ ಖಾನ್. ಸೆಟ್ ಟಾಪ್ ಬಾಕ್ಸ್‌ನ ನಿಜವಾದ ಬೆಲೆಗಿಂತ ಕಡಿಮೆಗೆ ಕೊಟ್ಟು, ನಷ್ಟ ತಾವೇ ಹೊತ್ತುಕೊಂಡು ಗಿರಾಕಿ ಹಿಡಿದರು. ಹಬ್ಬಕ್ಕೊಂದು ಆಫರ್, ಕ್ರಿಕೆಟ್ ಸೀಸನ್‌ಗೆ ಇನ್ನೊಂದು. ಡಿಶ್ ಹಳ್ಳಿಯ ಮಾಳಿಗೆ ಹತ್ತಿದ್ದು ಹೀಗೆ. ಪೈಪೋಟಿಗೆ ಈ ಶ್ರೇಯ ಕೊಡಲೇಬೇಕು. ಪೈಪೋಟಿ ಇಲ್ಲದಿದ್ದರೆ ಆ ಬೆಲೆ ಇಳಿಯುತ್ತಿರಲಿಲ್ಲ.

ಸಮಯ ಮಾರಿದ ಡಬ್ಬಿ

ಗಿರಾಕಿ ಬಂದ. ಈಗ ಅವನಿಗೆ ಹೊಸದೇನು ಮಾರೋದು? ಚಾನೆಲ್ ಎಲ್ಲರದ್ದೂ ಹೆಚ್ಚುಕಡಿಮೆ ಅವೇ. ಒಬ್ಬರ ಬಳಗದ ಚಾನೆಲ್ ಇನ್ನೊಬ್ಬರ ಡಿಶ್‌ನಲ್ಲಿ ಬರದ ಕಾಲವೂ ಇತ್ತು. ಅದಕ್ಕೆ ಟ್ರಾಯ್ ನಿಯಮ, ಟಿಡಿಸ್ಯಾಟ್ ನ್ಯಾಯಮಂಡಳಿಯ ಮೆಟ್ಟಿಲು ಎಲ್ಲಾ ಆಯ್ತು. ಹಾಗಾಗಿ ಹೊಸ ಆಯುಧ ಬೇಕಿತ್ತು. ಒಂದು ರೆಕಾರ್ಡರ್, ಇನ್ನೊಂದು ಎಚ್‌ಡಿ.

2008ರ ಕೊನೆಯಲ್ಲಿ ಟಾಟಾ ಸ್ಕೈ ಪ್ಲಸ್ ಬಂತು. ಡಬ್ಬಿಯೊಳಗೆ 160 ಜಿಬಿ ಹಾರ್ಡ್ ಡಿಸ್ಕ್, ಸುಮಾರು 45 ಗಂಟೆ ರೆಕಾರ್ಡಿಂಗ್. ಬೆಲೆ 9,000 ರೂಪಾಯಿ ಆಸುಪಾಸು. ಲೈವ್ ಮ್ಯಾಚ್ ನಿಲ್ಲಿಸಿ ಊಟ ಮಾಡಿ ಬಂದು ಮುಂದುವರಿಸಬಹುದು. ಒಂದು ನೋಡ್ತಾ ಇನ್ನೊಂದು ರೆಕಾರ್ಡ್ ಮಾಡಬಹುದು. ಏರ್‌ಟೆಲ್ ಮೊಬೈಲ್‌ನಿಂದಲೇ ರೆಕಾರ್ಡ್‌ಗೆ ಹೇಳಿ ಅಂತು. ಡಿಶ್ ಟಿವಿ ಇನ್ನೊಂದು ದಾರಿ ಹಿಡಿದು, ಡಬ್ಬಿಯೊಳಗೆ ಡಿಸ್ಕ್ ಬೇಡ, ನಿಮ್ಮದೇ ಯುಎಸ್‌ಬಿ ಡಿಸ್ಕ್ ಹಚ್ಚಿಕೊಳ್ಳಿ, ಎಷ್ಟು ಬೇಕಾದ್ರೂ ರೆಕಾರ್ಡ್ ಮಾಡಿ ಅಂತು.

ಅಮೆರಿಕದಲ್ಲಿ ಇದರ ಜಗಳ ಹಳೆಯದು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಡಿಯೋ ಯಂತ್ರದ ವಿರುದ್ಧ ಹಾಲಿವುಡ್ ಸ್ಟುಡಿಯೋಗಳು ಕೋರ್ಟಿಗೆ ಹೋದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯಲ್ಲಿ ಆಮೇಲೆ ನೋಡೋಕೆ ಅಂತ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳೋದು ತಪ್ಪಲ್ಲ ಅಂತ ತೀರ್ಪು ಕೊಟ್ಟಿತು. 1999ರಲ್ಲಿ ಟಿವೋ ಬಂದು ಜಾಹೀರಾತು ಹಾರಿಸಿಬಿಡೋ ಗುಂಡಿ ಜನರ ಕೈಗೆ ಕೊಟ್ಟಿತು. ಟಿವಿ ಉದ್ಯಮದವರಿಗೆ ಅದು ನಿದ್ದೆಗೆಡಿಸಿದ ಗುಂಡಿ. ನಾನೂ ಅದೇ ಉದ್ಯಮದವನು, ಬ್ರೇಕ್ ನಂತರ ಬರ್ತೀನಿ ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀನೋ ಲೆಕ್ಕ ಇಟ್ಟಿಲ್ಲ. ಆ ಬ್ರೇಕ್‌ನಿಂದಲೇ ನಮ್ಮ ಸಂಬಳ.

ಸರಿ, ಈ ರೆಕಾರ್ಡರ್ ಅನಗವಾಡಿಗೆ ಬಂದ್ರೆ ಏನಾಗುತ್ತೆ? ಕಂಪನಿಯವರ ಜಾಹೀರಾತಿನಲ್ಲಿ ಇರೋ ಗಂಡ ಆಫೀಸಿಂದ ತಡವಾಗಿ ಬರ್ತಾನೆ, ಮ್ಯಾಚ್ ತಪ್ಪುತ್ತೆ, ರೆಕಾರ್ಡರ್ ಅವನನ್ನು ಕಾಪಾಡುತ್ತೆ. ನಮ್ಮೂರಲ್ಲಿ ಧಾರಾವಾಹಿ ತಪ್ಪೋದು ಆಫೀಸಿಂದಲ್ಲ ಸ್ವಾಮಿ, ಕರೆಂಟಿಂದ! ಆ ದಿನಗಳಲ್ಲಿ ಪಂಪ್‌ಸೆಟ್‌ಗೂ ಮನೆಗೂ ಒಂದೇ ಫೀಡರ್. ತ್ರೀ ಫೇಸ್ ಇಷ್ಟು ಗಂಟೆ, ಸಿಂಗಲ್ ಫೇಸ್ ಇಷ್ಟು ಗಂಟೆ. ಎರಡನ್ನೂ ಬೇರೆ ಮಾಡೋ ನಿರಂತರ ಜ್ಯೋತಿ ಯೋಜನೆ ಹಳ್ಳಿಹಳ್ಳಿಗೆ ತಲುಪೋಕೆ ವರ್ಷಗಳೇ ಹಿಡಿದವು. ಕರೆಂಟ್ ಇಲ್ಲ ಅಂದ್ರೆ ಟಿವಿಯೂ ಇಲ್ಲ, ರೆಕಾರ್ಡರ್ರೂ ಇಲ್ಲ. ಎಂಟು ಗಂಟೆಯ ಧಾರಾವಾಹಿ ರೆಕಾರ್ಡ್ ಆಗಬೇಕಾದರೆ ಎಂಟು ಗಂಟೆಗೇ ಡಬ್ಬಿಗೆ ವಿದ್ಯುತ್ ಬೇಕು. ಸಮಯ ಇಲ್ಲದವರಿಗಾಗಿ ಮಾಡಿದ ಯಂತ್ರ ಅದು, ಕರೆಂಟ್ ಇಲ್ಲದವರಿಗಾಗಿ ಅಲ್ಲ. ಮನೆಯಲ್ಲಿ ಯುಪಿಎಸ್ ಇದ್ದವನಿಗೆ ರೆಕಾರ್ಡರ್ ಉಪಯೋಗ. ಯುಪಿಎಸ್ ಇದ್ದರೆ ಲೈವ್ ಆಗೇ ನೋಡಬಹುದಲ್ಲ!

ಹಾಗಂತ ಅದು ನಿರುಪಯೋಗಿ ಅನ್ನಲ್ಲ. ರಬಕವಿ-ಬನಹಟ್ಟಿಯಂಥ ಊರಲ್ಲಿ ಪಾಳಿ ಮೇಲೆ ಮಗ್ಗ ನಡೆಸುವ ಮನೆಯನ್ನು ನೆನೆಸಿಕೊಳ್ಳಿ. ಮಗ್ಗದ ಸದ್ದಿನಲ್ಲಿ ಟಿವಿ ಕೇಳಲ್ಲ, ಮಗ್ಗ ನಿಲ್ಲಿಸಿದರೆ ಕೂಲಿ ಹೋಗುತ್ತೆ. ಅವರಿಗೆ ರೆಕಾರ್ಡರ್ ನಿಜಕ್ಕೂ ಬೇಕಾದ ವಸ್ತು. ಆದರೆ 9,000 ರೂಪಾಯಿ ಬೆಲೆ ಇಟ್ಟವರ ಲೆಕ್ಕದಲ್ಲಿ ಆ ಮನೆ ಇರಲಿಲ್ಲ.

ಐದು ಪಟ್ಟು ಚುಕ್ಕಿ, ಅರ್ಧ ಜಾಗ

ಈಗ ಎಚ್‌ಡಿ. ನಾನು ಎಂಜಿನಿಯರಿಂಗ್ ಓದಿದವನು, ಎರಡು ನಿಮಿಷ ಲೆಕ್ಕ ಹೇಳ್ತೀನಿ, ಸಹಿಸಿಕೊಳ್ಳಿ.

ಟಿವಿ ಚಿತ್ರ ಅಂದ್ರೆ ಚುಕ್ಕಿಗಳ ರಂಗೋಲಿ. ನಮ್ಮ ಹಳೆಯ ಸಾಮಾನ್ಯ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಗುಣಿಸಿದರೆ 4,14,720. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. ಗುಣಿಸಿದರೆ 20,73,600. ಸರಿಯಾಗಿ ಐದು ಪಟ್ಟು. ಅಂದ್ರೆ ಒಂದು ಎಚ್‌ಡಿ ಚಾನೆಲ್ ಕಳಿಸೋಕೆ ಹಲವು ಸಾಮಾನ್ಯ ಚಾನೆಲ್‌ಗಳ ಜಾಗ ಬೇಕು. ಆ ಜಾಗ ಇರೋದು ಎಲ್ಲಿ? 36,000 ಕಿಲೋಮೀಟರ್ ಮೇಲೆ, ಉಪಗ್ರಹದ ಟ್ರಾನ್ಸ್‌ಪಾಂಡರ್‌ನಲ್ಲಿ. ಅಲ್ಲಿ ಜಾಗ ಸೀಮಿತ, ಬಾಡಿಗೆ ದುಬಾರಿ, ಆಗ ಅದನ್ನು ಕೊಡಿಸಬೇಕಿದ್ದದ್ದು ಇಸ್ರೋ.

ಇದಕ್ಕೆ ತಂತ್ರಜ್ಞಾನ ಒಂದು ದಾರಿ ಕೊಟ್ಟಿತು. ಚಿತ್ರವನ್ನು ಮಡಚಿ ಕಳಿಸುವ ಹಳೆಯ ವಿಧಾನ ಎಂಪೆಗ್-2. ಹೊಸದು ಎಂಪೆಗ್-4, ಹೆಚ್ಚುಕಡಿಮೆ ಅರ್ಧ ಜಾಗ ಸಾಕು. ಮೊದಲು ಬಂದ ಡಿಶ್ ಟಿವಿ, ಟಾಟಾ ಸ್ಕೈ ಎಂಪೆಗ್-2ರಲ್ಲಿ ಶುರು ಮಾಡಿದ್ದವು. ಆಮೇಲೆ ಬಂದ ಸನ್ ಡೈರೆಕ್ಟ್, ಬಿಗ್ ಟಿವಿ, ಏರ್‌ಟೆಲ್ ನೇರವಾಗಿ ಎಂಪೆಗ್-4. ಮೊದಲು ಬಂದವನಿಗೆ ಹಳೇ ಡಬ್ಬಿಗಳ ಹೊರೆ, ತಡವಾಗಿ ಬಂದವನಿಗೆ ಹೊಸ ಡಬ್ಬಿಯ ಲಾಭ. ಹಳೇ ಡಬ್ಬಿಗೆ ಹೊಸ ಮಡಿಕೆ ಬಿಚ್ಚೋಕೆ ಬರಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

2010 ಎಚ್‌ಡಿಯ ವರ್ಷ. ದಕ್ಷಿಣ ಆಫ್ರಿಕಾದ ಫುಟ್ಬಾಲ್ ವಿಶ್ವಕಪ್ ಒಂದು ಕಡೆ, ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಇನ್ನೊಂದು ಕಡೆ. ಕಾಮನ್‌ವೆಲ್ತ್‌ಗೆ ದೂರದರ್ಶನವೂ ಎಚ್‌ಡಿ ಪ್ರಸಾರ ಮಾಡಿತು. ಕಂಪನಿಗಳು ಒಬ್ಬರ ಹಿಂದೆ ಒಬ್ಬರು ಎಚ್‌ಡಿ ಡಬ್ಬಿ ಇಳಿಸಿದವು. ಪತ್ರಿಕೆ ತೆರೆದರೆ ಒಬ್ಬನದು ಇಷ್ಟು ಎಚ್‌ಡಿ ಚಾನೆಲ್, ಇನ್ನೊಬ್ಬನದು ಅದಕ್ಕಿಂತ ಜಾಸ್ತಿ. ಅದೇ ಗದ್ದಲದ ನಡುವೆ, 2010ರ ಜುಲೈನಲ್ಲಿ, ಆಕಾಶ ಒಂದು ಪಾಠ ಕಲಿಸಿತು. ಇನ್‌ಸ್ಯಾಟ್-4ಬಿ ಉಪಗ್ರಹದ ಸೌರಫಲಕದ ವಿದ್ಯುತ್ತಿನಲ್ಲಿ ತೊಂದರೆಯಾಗಿ ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್ ಆರಿಸಬೇಕಾಯ್ತು. ಸನ್ ಡೈರೆಕ್ಟ್ ನಿಂತಿದ್ದು ಅದರ ಮೇಲೆ. ಚಾನೆಲ್‌ಗಳು ಮಾಯ. ಮಲೇಷ್ಯಾದ ಮೀಸ್ಯಾಟ್-3 ಉಪಗ್ರಹಕ್ಕೆ ಸ್ಥಳಾಂತರ. ನೆಲದ ಮೇಲೆ ಅಂದ್ರೆ, ಊರೂರಿಗೆ ಟೆಕ್ನಿಷಿಯನ್ ಹೋಗಿ ಡಿಶ್‌ನ ಮುಖ ತಿರುಗಿಸಬೇಕು.

ಡಿಶ್ ಮುಖದ ಮಾತು ಬಂತು, ಇದನ್ನೂ ಹೇಳಿಬಿಡ್ತೀನಿ. ಪ್ರತಿ ಕಂಪನಿಯ ಉಪಗ್ರಹ ಆಕಾಶದಲ್ಲಿ ಬೇರೆ ಬೇರೆ ರೇಖಾಂಶದ ಮೇಲೆ. ಟಾಟಾ ಸ್ಕೈ 83 ಡಿಗ್ರಿ ಪೂರ್ವ, ಡಿಶ್ ಟಿವಿ 95, ಏರ್‌ಟೆಲ್ ಶುರುವಿನಲ್ಲಿ 74. ಅನಗವಾಡಿ ಇರೋದು 75 ದಾಟಿ 76ರ ಒಳಗೆ. ಹಾಗಾಗಿ ಒಬ್ಬನ ಡಿಶ್ ಇಲ್ಲಿ ನೇರ ದಕ್ಷಿಣಕ್ಕೆ ನೋಡಿದರೆ ಇನ್ನೊಬ್ಬನದು ಆಗ್ನೇಯಕ್ಕೆ ನೋಡ್ತಾ ಇರುತ್ತೆ.

ಕನ್ನಡಕ್ಕೆ ಕೊನೆಯ ಪಂಕ್ತಿ

ಎಚ್‌ಡಿ ಡಬ್ಬಿ ಬಂತು. ಸರಿ, ಅದರಲ್ಲಿ ಏನು ನೋಡೋದು?

ಇಂಗ್ಲಿಷ್ ಪ್ರಾಣಿ ಜಗತ್ತು, ಇಂಗ್ಲಿಷ್ ಸಿನಿಮಾ, ಕ್ರಿಕೆಟ್. 2011ರಲ್ಲಿ ಸ್ಟಾರ್ ಬಳಗದ ಹಿಂದಿ ಚಾನೆಲ್‌ಗಳ ಎಚ್‌ಡಿ ಬಂದವು. ಅದೇ ವರ್ಷ ಡಿಸೆಂಬರ್ 11ಕ್ಕೆ ಸನ್ ಬಳಗ ಸನ್ ಟಿವಿ ಎಚ್‌ಡಿ, ಕೆಟಿವಿ ಎಚ್‌ಡಿ, ಸನ್ ಮ್ಯೂಸಿಕ್ ಎಚ್‌ಡಿ, ಜೆಮಿನಿ ಎಚ್‌ಡಿ ಶುರು ಮಾಡಿತು. ತಮಿಳಿಗೆ ಸಿಕ್ಕಿತು, ತೆಲುಗಿಗೆ ಸಿಕ್ಕಿತು. ಅದೇ ಬಳಗದ ಉದಯ ಟಿವಿ 1994ರಿಂದ ಕನ್ನಡಿಗರ ಮನೆಯಲ್ಲಿದೆ. ಆದರೆ ಆ ದಿನದ ಪಟ್ಟಿಯಲ್ಲಿ ಕನ್ನಡ ಇಲ್ಲ!

ಕನ್ನಡದ ಮನರಂಜನಾ ಚಾನೆಲ್‌ಗಳು ಎಚ್‌ಡಿಗೆ ಬಂದದ್ದು 2016ರಲ್ಲಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಮೊದಲು. ಉದಯ ಅದರ ಹಿಂದೆ. ಜೀ ಕನ್ನಡ 2018ರಲ್ಲಿ. ಲೆಕ್ಕ ಹಾಕಿ. 2010-11ರಲ್ಲಿ ಜಾಹೀರಾತು ನೋಡಿ ಎಚ್‌ಡಿ ಡಬ್ಬಿ ಹಾಕಿಸಿದ ಬೀಳಗಿಯ ಒಂದು ಮನೆ, ತನ್ನ ಭಾಷೆಯ ಧಾರಾವಾಹಿಯನ್ನು ಆ ಡಬ್ಬಿಯ ನಿಜವಾದ ಗುಣಮಟ್ಟದಲ್ಲಿ ನೋಡೋಕೆ ಐದಾರು ವರ್ಷ ಕಾದಿದೆ. ಅಷ್ಟೊತ್ತಿಗೆ ಟಾಟಾ ಸ್ಕೈ ಮತ್ತು ವಿಡಿಯೋಕಾನ್ 4ಕೆ ಡಬ್ಬಿಯ ಮಾತಿಗೆ ಹೋಗಿದ್ದವು. ಅದು 2015ರ ಸುದ್ದಿ.

ಯಾಕೆ ಹೀಗಾಯ್ತು? ಕಂಪನಿಗಳಿಗೆ ಕನ್ನಡದ ಮೇಲೆ ದ್ವೇಷ ಅಂತ ನಾನು ಹೇಳಲ್ಲ. ವ್ಯಾಪಾರದ ಲೆಕ್ಕ ಅದು. ಎಚ್‌ಡಿ ಚಾನೆಲ್ ಅಂದ್ರೆ ಕ್ಯಾಮೆರಾದಿಂದ ಎಡಿಟಿಂಗ್‌ವರೆಗೆ ಹೊಸ ಉಪಕರಣ, ಉಪಗ್ರಹದಲ್ಲಿ ಹೆಚ್ಚು ಬಾಡಿಗೆ. ಅಷ್ಟು ಖರ್ಚಿಗೆ ತಕ್ಕ ಗಿರಾಕಿ ಯಾವ ಭಾಷೆಯಲ್ಲಿ ಮೊದಲು ಸಿಗ್ತಾನೆ ಅಂತ ನೋಡ್ತಾರೆ. ಆದರೆ ಗಿರಾಕಿ ಕಡೆಯಿಂದ ನೋಡಿ. ತಿಂಗಳ ಹಣ ಎಲ್ಲರದ್ದೂ ಒಂದೇ ರೂಪಾಯಿ. ಕನ್ನಡದ ರೂಪಾಯಿಗೆ ಚುಕ್ಕಿ ಯಾಕೆ ಕಡಿಮೆ? ನನ್ನ ಕಸುಬಿನದ್ದೇ ಉದಾಹರಣೆ ಕೊಡ್ತೀನಿ. ನಾನು ಕೂರುವ ಸ್ಟುಡಿಯೋದ ಕ್ಯಾಮೆರಾ ಎಚ್‌ಡಿ. ನಿಮ್ಮ ಡಿಶ್‌ಗೆ ತಲುಪೋದು ಸಾಮಾನ್ಯ ಚಿತ್ರ. ನಡುವೆ ಐದರಲ್ಲಿ ನಾಲ್ಕು ಪಾಲು ಚುಕ್ಕಿ ನಾವೇ ಉದುರಿಸಿ ಕಳಿಸ್ತೀವಿ.

1975ರ ಪ್ರಯೋಗದಲ್ಲಿ ಚಿತ್ರ ಕಪ್ಪು-ಬಿಳುಪು, ಮಸುಕು. ಆದರೆ ಭಾಷೆಯ ಲೆಕ್ಕ ಮೊದಲೇ ಹಾಕಿದ್ದರು. 2010ರಲ್ಲಿ ಚಿತ್ರ ಕನ್ನಡಿಯಂತೆ ಸ್ಪಷ್ಟ. ಭಾಷೆಯ ಲೆಕ್ಕ ಆಮೇಲೆ.

ಒಯ್ಯಲಾಗದ ಡಬ್ಬಿ

ಈಗ ಆ ಬಿಟ್ಟಿದ್ದ ಷರತ್ತಿಗೆ ಬರೋಣ. 2001ರ ಮಾರ್ಗಸೂಚಿಯಲ್ಲಿ ಸರ್ಕಾರ ಸ್ಪಷ್ಟವಾಗಿ ಬರೆದಿತ್ತು. ಸೆಟ್ ಟಾಪ್ ಬಾಕ್ಸ್ ಯಾವ ಒಂದು ಕಂಪನಿಗೂ ಕಟ್ಟುಬಿದ್ದಿರಬಾರದು, ಒಬ್ಬರ ಬಾಕ್ಸ್ ಇನ್ನೊಬ್ಬರ ಸೇವೆಗೂ ಹೊಂದಬೇಕು. ಕಂಪನಿ ಬದಲಿಸಬೇಕಾ? ಡಬ್ಬಿ ಅದೇ ಇರಲಿ, ಕಾರ್ಡ್ ಮಾತ್ರ ಬದಲಿಸಿ. ಇದು ಕನಸಲ್ಲ, ಲೈಸೆನ್ಸ್‌ನ ಷರತ್ತು.

ನಡೆದದ್ದು? ಡಬ್ಬಿಯಲ್ಲಿ ಕಾರ್ಡ್ ಹಾಕೋ ಜಾಗ ಇಟ್ಟರು, ಅಲ್ಲಿ ಹಾಕಬೇಕಾದ ಬೇರೆ ಕಂಪನಿಯ ಮಾಡ್ಯೂಲ್ ಅಂಗಡಿಯಲ್ಲಿ ಸಿಗಲೇ ಇಲ್ಲ. ಅದರ ಮೇಲೆ ಎಂಪೆಗ್-2, ಎಂಪೆಗ್-4 ಜಗಳ. ಎಂಪೆಗ್-2 ಡಬ್ಬಿಗೆ ಯಾವ ಕಾರ್ಡ್ ಹಾಕಿದರೂ ಎಂಪೆಗ್-4 ಚಿತ್ರ ಬಿಚ್ಚೋಕೆ ಬರಲ್ಲ. ಎಚ್‌ಡಿ ಬಂತು, ಮತ್ತೊಂದು ಡಬ್ಬಿ. ರೆಕಾರ್ಡರ್ ಬಂತು, ಮಗದೊಂದು. ಪ್ರತಿ ಹೊಸ ಸೌಲಭ್ಯದ ಜೊತೆಗೆ ಬೀಗ ಇನ್ನಷ್ಟು ಗಟ್ಟಿಯಾಯ್ತು. ರೆಕಾರ್ಡರ್‌ನಲ್ಲಂತೂ ಅದು ಎದ್ದು ಕಾಣುತ್ತೆ. ನೀವು ರೆಕಾರ್ಡ್ ಮಾಡಿದ್ದೆಲ್ಲ ಗೂಢಲಿಪಿಯಲ್ಲಿ, ಆ ಡಬ್ಬಿಗೆ ಅಂಟಿಕೊಂಡಿರುತ್ತೆ. ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೆ ಏನೂ ಓದಲ್ಲ. ಕಂಪನಿ ಬಿಟ್ಟರೆ ನಿಮ್ಮ ಸಂಗ್ರಹವನ್ನೂ ಬಿಟ್ಟಂತೆ. ಡಿಸ್ಕ್ ನಿಮ್ಮ ದುಡ್ಡಿನದು, ಕರೆಂಟ್ ಬಿಲ್ ನಿಮ್ಮದು, ಕೀಲಿಕೈ ಮಾತ್ರ ಅವರದು.

ಹೋಲಿಕೆಗೆ ಮೊಬೈಲ್ ನೋಡಿ. 2011ರ ಜನವರಿ 20ರಿಂದ ದೇಶಾದ್ಯಂತ ನಂಬರ್ ಪೋರ್ಟಬಿಲಿಟಿ. ಕಂಪನಿ ಬದಲಿಸಿ, ನಂಬರ್ ನಿಮ್ಮದೇ. ಅದರಿಂದ ಫೋನ್ ಕಂಪನಿಗಳು ಹಳೇ ಗಿರಾಕಿಗೂ ಹೆದರುವಂತಾಯ್ತು. ಸಿಮ್ ಬದಲಿಸಿದರೆ ಹ್ಯಾಂಡ್‌ಸೆಟ್ ಎಸೆಯಬೇಕು ಅಂತ ಯಾರಾದ್ರೂ ಹೇಳಿದ್ದರೆ ನಾವು ಬೀದಿಗಿಳೀತಿದ್ದೆವು. ಟಿವಿ ಡಬ್ಬಿ ವಿಷಯದಲ್ಲಿ ಅದೇ ಆಯ್ತು, ನಾವು ಸುಮ್ಮನೆ ಹೊಸ ಡಿಶ್ ಹಾಕಿಸಿಕೊಂಡೆವು.

ಮಾಳಿಗೆ ಮೇಲೆ ಮೂರು ಡಿಶ್ ಯಾಕೆ ಅನ್ನೋದಕ್ಕೆ ಉತ್ತರ ಇದು. ಬಾಗಿಲವರೆಗೆ ಪೈಪೋಟಿ ಜೋರಾಗಿತ್ತು. ಆಫರ್, ರಿಯಾಯಿತಿ, ಸಿನಿಮಾ ತಾರೆ, ಎಲ್ಲಾ ಬಾಗಿಲವರೆಗೆ. ಡಬ್ಬಿ ಒಳಗೆ ಬಂದ ಕ್ಷಣ ಪೈಪೋಟಿ ಮುಗಿಯಿತು. ಒಳಗೆ ಬಂದ ಮೇಲೆ ನೀವು ಗಿರಾಕಿಯಲ್ಲ, ಆಸ್ತಿ. ಷೇರು ಮಾರುಕಟ್ಟೆಗೆ ತೋರಿಸುವ ಚಂದಾದಾರರ ಸಂಖ್ಯೆಯಲ್ಲಿ ಒಂದು ಅಂಕಿ.

ಟ್ರಾಯ್‌ಗೆ ಇದು ಗೊತ್ತಿಲ್ಲದ್ದಲ್ಲ. 2020ರ ಏಪ್ರಿಲ್‌ನಲ್ಲಿ ಅದು ಎಲ್ಲಾ ಸೆಟ್ ಟಾಪ್ ಬಾಕ್ಸ್‌ಗಳೂ ಪರಸ್ಪರ ಹೊಂದುವಂತಿರಬೇಕು, ಅದನ್ನು ಕಡ್ಡಾಯ ಮಾಡಿ ಅಂತ ಸರ್ಕಾರಕ್ಕೆ ಶಿಫಾರಸು ಮಾಡಿತು. 2001ರ ಲೈಸೆನ್ಸ್‌ನಲ್ಲೇ ಇದ್ದ ಷರತ್ತನ್ನು 2020ರಲ್ಲಿ ಮತ್ತೆ ಶಿಫಾರಸು ಮಾಡಬೇಕಾಯ್ತು ಅಂದ್ರೆ ನಡುವಿನ ಹತ್ತೊಂಬತ್ತು ವರ್ಷ ಏನಾಯ್ತು ಅಂತ ನೀವೇ ಊಹಿಸಿ.

ಗದ್ದಲ ಅಡಗಿದ ಮೇಲೆ

2019ರ ಫೆಬ್ರವರಿ 1ರಿಂದ ಹೊಸ ದರ ನೀತಿ ಬಂತು. ಬೇಕಾದ ಚಾನೆಲ್ ಆರಿಸಿ, ಅದಕ್ಕೆ ಮಾತ್ರ ಹಣ ಕೊಡಿ ಅಂದರು. ಮೊದಲ 100 ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ. ಅದರಲ್ಲಿ ಒಂದು ಎಚ್‌ಡಿ ಚಾನೆಲ್ ಅಂದ್ರೆ ಎರಡು ಸಾಮಾನ್ಯ ಚಾನೆಲ್ ಲೆಕ್ಕ. ಅಂದ್ರೆ ಸ್ಪಷ್ಟ ಚಿತ್ರಕ್ಕೆ ಚಾನೆಲ್ ಬೆಲೆಯೂ ಬೇರೆ, ಜಾಗದ ಬಾಡಿಗೆಯೂ ಡಬಲ್. ಬಹಳ ಮನೆಗಳಲ್ಲಿ ಎಚ್‌ಡಿ ಡಬ್ಬಿಯಲ್ಲಿ ಸಾಮಾನ್ಯ ಚಾನೆಲ್ ಓಡೋಕೆ ಶುರುವಾದದ್ದು ಇಲ್ಲಿಂದ.

ಆರು ಕಂಪನಿಗಳು ಆರಾಗಿ ಉಳಿಯಲಿಲ್ಲ. 2018ರ ಮಾರ್ಚ್‌ನಲ್ಲಿ ಡಿಶ್ ಟಿವಿ ಮತ್ತು ವಿಡಿಯೋಕಾನ್ ಡಿಟುಎಚ್ ಒಂದಾದವು. ಬಿಗ್ ಟಿವಿ ಅಂಗಳ ಬಿಟ್ಟಿತು. 2022ರ ಜನವರಿಯಲ್ಲಿ ಟಾಟಾ ಸ್ಕೈ ತನ್ನ ಹೆಸರಿನಿಂದ ಆಕಾಶವನ್ನೇ ತೆಗೆದು ಟಾಟಾ ಪ್ಲೇ ಆಯ್ತು. ಯಾಕಂದ್ರೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಟಿವಿ ಬರೋದು ಆಕಾಶದಿಂದ ಮಾತ್ರ ಅನ್ನೋ ಕಾಲ ಮುಗಿದಿತ್ತು. ರೆಕಾರ್ಡರ್ ಮಾಡಬೇಕಿದ್ದ ಕೆಲಸವನ್ನು ಕೈಯಲ್ಲಿರೋ ಫೋನ್ ಮಾಡ್ತಿದೆ. ಕರೆಂಟ್ ಹೋದರೂ ಫೋನ್‌ಗೆ ಬ್ಯಾಟರಿ ಇದೆ! 9,000 ರೂಪಾಯಿಯ ಡಬ್ಬಿ ಬಿಡಿಸಲಾಗದ ಹಳ್ಳಿಯ ಸಮಸ್ಯೆಯನ್ನು ಅದು ಬಿಡಿಸಿತು.

ಟ್ರಾಯ್ ಅಂಕಿ ನೋಡಿ. 2019-20ರ ಹೊತ್ತಿಗೆ 7 ಕೋಟಿ ಮುಟ್ಟಿದ್ದ ಡಿಟಿಎಚ್ ಸಕ್ರಿಯ ಚಂದಾದಾರರ ಸಂಖ್ಯೆ 2024ರ ಮಾರ್ಚ್‌ಗೆ 6 ಕೋಟಿ 20 ಲಕ್ಷದ ಹತ್ತಿರ ಇಳಿದಿದೆ. ಬಿಟ್ಟವರಲ್ಲಿ ಕೆಲವರು ಫೋನಿಗೆ, ಸ್ಮಾರ್ಟ್ ಟಿವಿಗೆ ಹೋದರು. ಇನ್ನು ಕೆಲವರು ತಿಂಗಳ ಹಣವೇ ಇಲ್ಲದ ಫ್ರೀ ಡಿಶ್‌ಗೆ ಹೋದರು. ಅಲ್ಲಿ ಕನ್ನಡಕ್ಕೆ ದೂರದರ್ಶನ ಚಂದನ ಇದೆ. ಆದರೆ ಆ ವೇದಿಕೆಯ ಜಾಗ ಹರಾಜಿನಲ್ಲಿ ಹೋಗುತ್ತೆ, ಹರಾಜಿನಲ್ಲಿ ಹಿಂದಿ ಚಾನೆಲ್‌ಗಳ ಕೈ ಮೇಲು. ಹಣ ಇಲ್ಲದ ಕನ್ನಡದ ಮನೆಗೆ ಅಲ್ಲೂ ಹಿಂದಿಯೇ ಹೆಚ್ಚು ಸಿಗುತ್ತೆ.

ಇನ್ನೊಂದು ಸಣ್ಣ ಸುದ್ದಿ ಇದೆ. ಬಹಳ ಜನ ಗಮನಿಸಿಲ್ಲ. ಉಪಗ್ರಹದ ಉಚಿತ ಚಾನೆಲ್ ಹಿಡಿಯುವ ಟ್ಯೂನರ್ ಟಿವಿ ಸೆಟ್‌ನೊಳಗೇ ಇರಬೇಕು ಅನ್ನೋದಕ್ಕೆ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಒಂದು ಮಾನದಂಡ ಹೊರಡಿಸಿದೆ. ಅಂಥ ಟಿವಿ ಬಂದರೆ ಡಿಶ್‌ನಿಂದ ತಂತಿ ನೇರವಾಗಿ ಟಿವಿಗೆ ಬರುತ್ತೆ, ಉಚಿತ ಚಾನೆಲ್‌ಗೆ ನಡುವೆ ಯಾರ ಡಬ್ಬಿಯೂ ಬೇಡ. ಕಂಪನಿಗಳಿಗೆ ಇದರಲ್ಲಿ ಲಾಭ ಇಲ್ಲ, ಹಾಗಾಗಿ ಅವರು ಇದರ ಜಾಹೀರಾತು ಕೊಡಲ್ಲ. ಕೇಳಬೇಕಾದವರು ನಾವು.

ನಾಳೆ ಇದೇ ಕಥೆ ಆ್ಯಪ್‌ಗಳಲ್ಲಿ ನಡೆಯುತ್ತೆ. ಈಗಾಗಲೇ ನಡೀತಿದೆ. ಮೊದಲು ಉಚಿತ, ಆಮೇಲೆ ಚಂದಾ, ಆಮೇಲೆ ಒಳ್ಳೆ ಚಿತ್ರಕ್ಕೆ ಬೇರೆ ದರ. ನೀವು ಉಳಿಸಿಟ್ಟದ್ದು ಆ್ಯಪ್‌ನೊಳಗೇ ಉಳಿಯುತ್ತೆ. ಹೊಸ ಡಬ್ಬಿಯೋ ಹೊಸ ಚಂದಾವೋ ಮಾರೋಕೆ ಯಾರೇ ಬಂದರೂ ಎರಡು ಪ್ರಶ್ನೆ ಕೇಳಿ. ಒಂದು, ಇದರಲ್ಲಿ ನನ್ನ ಭಾಷೆ ಇವತ್ತೇ ಇದೆಯೋ, ಐದು ವರ್ಷ ಆದಮೇಲೋ? ಎರಡು, ನಾಳೆ ನಿಮ್ಮನ್ನು ಬಿಟ್ಟು ಹೋದರೆ ನಾನು ಏನೇನು ಜೊತೆಗೆ ಒಯ್ಯಬಹುದು?

ಎರಡನೇ ಪ್ರಶ್ನೆಗೆ ಅವನು ತಲೆ ಕೆರೆದುಕೊಂಡರೆ, ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ. ನಿಮ್ಮ ಮಾತಿಗೆ ಬೆಲೆ ಇರೋದು ಅಲ್ಲಿವರೆಗೆ ಮಾತ್ರ.